ಸೈತಾನ, ದೆವ್ವ, ದೃಷ್ಟಿ: ಧಾರವಾಡ ಸೀಮೆಯ ಕ್ರೈಸ್ತ ನಂಬಿಕೆಯ ಚರಿತ್ರೆ

ಮನುಷ್ಯನ ಬಾಳಿನಲ್ಲಿ ದುಷ್ಟಾತ್ಮಗಳ ಕೈವಾಡವಿದೆ ಎಂಬ ಪ್ರಾಟೆಸ್ಟೆಂಟ್ ಕ್ರೈಸ್ತ ಬೋಧನೆ ಧಾರವಾಡದಲ್ಲಿ ನೆಲೆಯೂರಿದ್ದು 1837ರಲ್ಲಿ, ಬಾಸೆಲ್ ಮಿಶನ್ ಅಲ್ಲಿ ಠಾಣೆ ತೆರೆದಾಗ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಊರುಗಳು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಈ ಸೀಮೆಯಲ್ಲಿ ದೆವ್ವಗಳಿಗೂ ಕೊರತೆಯಿರಲಿಲ್ಲ, ದೆವ್ವಗಳಿಗೆ ಅಂಜುವವರನ್ನು ಗದರಿಸಿದ ಶರಣರಿಗೂ ದಾಸರಿಗೂ ಕೊರತೆಯಿರಲಿಲ್ಲ. ಮಿಶನರಿಗಳು ಊರ ದೆವ್ವಗಳನ್ನು ಬರೀ ಸುಳ್ಳು ಎಂದು ತಳ್ಳಿಹಾಕಲಿಲ್ಲ. ಅವು ಸೈತಾನನ ಪಡೆ ಎಂದರು. ಇದರಿಂದ ದೆವ್ವಗಳ ಮಾನ ಹೋಯಿತು, ಆಯುಷ್ಯ ಮಾತ್ರ ಬೆಳೆಯಿತು.

ಕ್ರೈಸ್ತ ಬೋಧನೆಯ ಪ್ರಕಾರ ಸೈತಾನ ದೇವರಿಗೆ ಸರಿಸಮನಾದ ಎದುರಾಳಿಯಲ್ಲ. ಅವನೂ ಸೃಷ್ಟಿಯಾದವನೇ, ಸೊಕ್ಕಿನಿಂದ ಪದವಿ ಕಳೆದುಕೊಂಡ ದೂತ. ಅವನ ಕೆಲಸ ಮೂರು ಬಗೆಯದು ಎಂದು ಸಭೆಗಳಲ್ಲಿ ವಿವರಿಸುತ್ತಾರೆ: ಮನಸ್ಸಿಗೆ ಆಸೆ ಹುಟ್ಟಿಸುವುದು, ಹೊರಗಿನಿಂದ ಕಾಡುವುದು, ಒಳಹೊಕ್ಕು ಆಳುವುದು. ಮೊದಲನೆಯದಕ್ಕೆ ಯಾರೂ ಹೊರತಲ್ಲ. ಮೂರನೆಯದು ಅಪರೂಪ, ಆದರೆ ಸುವಾರ್ತೆಗಳಲ್ಲಿ ಯೇಸು ದೆವ್ವ ಬಿಡಿಸುವ ಪ್ರಸಂಗಗಳು ಹಲವು. ಗೆರಸೇನರ ಸೀಮೆಯಲ್ಲಿ ಸಮಾಧಿಗಳ ನಡುವೆ ಬದುಕುತ್ತಿದ್ದವನಿಂದ ಹೊರಬಿದ್ದ ದೆವ್ವಗಳ ದಂಡು ಹಂದಿಗಳ ಹಿಂಡಿಗೆ ಹೊಕ್ಕು ನೀರುಪಾಲಾದ ಕಥೆ ಇವುಗಳಲ್ಲಿ ಹೆಚ್ಚು ಪ್ರಸಿದ್ಧ. ಆದಿ ಸಭೆಯ ಕಾಲದಿಂದಲೂ ದೀಕ್ಷಾಸ್ನಾನಕ್ಕೆ ನಿಂತವನು ಮೊದಲು ಸೈತಾನನನ್ನೂ ಅವನ ಕಾರ್ಯಗಳನ್ನೂ ತ್ಯಜಿಸುತ್ತೇನೆಂದು ಮಾತು ಕೊಡಬೇಕಾಗಿತ್ತು.

ಕನ್ನಡ ನಾಡಿಗೆ ಈ ಬೋಧನೆ ತಂದವರಲ್ಲಿ ಬಾಸೆಲ್ಲಿನವರೇ ಮೊದಲಿಗರಲ್ಲ. 17ನೇ ಶತಮಾನದ ನಡುವಿನಲ್ಲಿ ಇಟಲಿಯ ಜೆಸ್ಯುಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಶನ್ ಸ್ಥಾಪಿಸಿ, ಕನ್ನಡ ಕಲಿತು ಕನ್ನಡದಲ್ಲೇ ಧರ್ಮಬೋಧೆಯ ಗ್ರಂಥಗಳನ್ನು ಬರೆದರು. ಗೋವೆಯಲ್ಲಿ 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್ ಎಂಬ ಸಭೆಯ ವಿಚಾರಣಾ ಮಂಡಳಿ 1736ರ ಆಜ್ಞೆಯಲ್ಲಿ ಕೊಂಕಣಿ ಕ್ರೈಸ್ತರ ಮನೆಯ ಎಷ್ಟೋ ಪದ್ಧತಿಗಳನ್ನು ನಿಷೇಧಿಸಿತು. ಕರಾವಳಿಗೆ ವಲಸೆ ಬಂದ ಆ ಕುಟುಂಬಗಳಲ್ಲಿ ಮಗುವಿಗೆ ದೃಷ್ಟಿ ತೆಗೆಯುವ ಪದ್ಧತಿ ಮಾತ್ರ ಉಳಿದೇ ಉಳಿಯಿತು. ನಿಷೇಧಪಟ್ಟಿ ಬರೆಯುವವರಿಗೆ ಅಡುಗೆಮನೆಯ ಒಲೆಯವರೆಗೆ ಕೈ ಚಾಚುವುದು ಎಂದೂ ಸುಲಭವಾಗಿಲ್ಲ.

1834ರ ಅಕ್ಟೋಬರ್ 30ರಂದು ಮಂಗಳೂರು ತಲುಪಿದ ಬಾಸೆಲ್ ಮಿಶನರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮತ್ತು ಅವರ ಬೆನ್ನಿಗೆ ಬಂದ ಮೋಗ್ಲಿಂಗ್, ವೈಗಲ್ ಮೊದಲಾದವರ ದೆವ್ವದ ಕಲ್ಪನೆ ಅರ್ಥವಾಗಬೇಕಾದರೆ ಅವರ ಊರುಕಡೆಗೆ ಒಮ್ಮೆ ಕಣ್ಣು ಹಾಯಿಸಬೇಕು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಾದರೂ ಮಿಶನರಿಗಳಲ್ಲಿ ಬಹಳಷ್ಟು ಜನ ಪಕ್ಕದ ಜರ್ಮನ್ ರಾಜ್ಯವಾದ ವ್ಯೂರ್ಟೆಂಬರ್ಗಿನವರು. ಆ ದಶಕಗಳಲ್ಲಿ ವ್ಯೂರ್ಟೆಂಬರ್ಗಿನಲ್ಲಿ ಪ್ರೇತಗಳ ಮಾತು ಜೋರಾಗಿತ್ತು. ವೈನ್ಸ್‌ಬರ್ಗ್ ಊರಿನ ವೈದ್ಯ, ಕವಿ ಯುಸ್ಟಿನುಸ್ ಕೆರ್ನರ್ ಪ್ರೇತಗಳನ್ನು ಕಾಣುತ್ತಿದ್ದ ಫ್ರೀಡ್ರಿಕೆ ಹೌಫೆ ಎಂಬ ಹೆಣ್ಣುಮಗಳ ವೃತ್ತಾಂತವನ್ನು 1829ರಲ್ಲಿ ಅಚ್ಚು ಹಾಕಿಸಿದ್ದ. ಅದೇ ನಾಡಿನ ಟ್ಯೂಬಿಂಗನ್ನಿನಲ್ಲಿ ಪಂಡಿತ ಡೇವಿಡ್ ಸ್ಟ್ರೌಸ್ 1835ರಲ್ಲಿ ಯೇಸುವಿನ ಚರಿತ್ರೆ ಬರೆದು, ಸುವಾರ್ತೆಗಳ ಪವಾಡಗಳನ್ನು ಪುರಾಣಕಲ್ಪನೆ ಎಂದು ಬಗೆದು, ಅದರಿಂದ ಕೆಲಸವನ್ನೇ ಕಳೆದುಕೊಂಡ. ಮೋಗ್ಲಿಂಗ್ ದೇವಶಾಸ್ತ್ರ ಓದಿದ್ದು ಇದೇ ಟ್ಯೂಬಿಂಗನ್ನಿನಲ್ಲಿ. ದೆವ್ವ ಉಂಟೇ ಇಲ್ಲವೇ ಎಂಬ ವಾದ ಅವರ ಪಾಲಿಗೆ ಮನೆಯ ಜಗಳವೇ ಆಗಿತ್ತು. ಬಾಸೆಲ್ ದಾರಿ ಹಿಡಿದವರು ಆ ಜಗಳದಲ್ಲಿ ಯಾರ ಕಡೆ ನಿಂತರು ಎಂಬುದನ್ನು ಹೇಳಬೇಕಾಗಿಲ್ಲ.

ಇದಕ್ಕಿಂತ ಹತ್ತಿರದ ನಂಟು ಇನ್ನೊಂದಿದೆ. ಯೋಹಾನ್ ಕ್ರಿಸ್ಟೋಫ್ ಬ್ಲೂಮ್‌ಹಾರ್ಟ್ 1830ರಿಂದ 1837ರವರೆಗೆ ಬಾಸೆಲ್ ಮಿಶನ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಮೋಗ್ಲಿಂಗ್ ಅಲ್ಲಿದ್ದದ್ದೂ ಆ ವರ್ಷಗಳಲ್ಲೇ. 1838ರಲ್ಲಿ ಬ್ಲೂಮ್‌ಹಾರ್ಟ್ ಮೋಟ್ಲಿಂಗನ್ ಎಂಬ ಹಳ್ಳಿಯ ಪಾದ್ರಿಯಾದರು. ಅಲ್ಲಿ ಗಾಟ್‌ಲೀಬಿನ್ ಡಿಟ್ಟುಸ್ ಎಂಬ ಬಡ ಹೆಣ್ಣುಮಗಳಿಗೆ ಮೂರ್ಛೆ, ನಡುಕ. ಅವಳ ಬಾಯಿಂದ ಬೇರೆ ದನಿಗಳಲ್ಲಿ ಮಾತು. ಮನೆಯಲ್ಲಿ ರಾತ್ರಿಯಿಡೀ ಸದ್ದು. ಪಾದ್ರಿ ಮಂತ್ರದ ಗೊಡವೆಗೆ ಹೋಗಲಿಲ್ಲ. ಎರಡು ವರ್ಷ ಪ್ರಾರ್ಥನೆ, ಉಪವಾಸ ಹಿಡಿದು ಅವಳ ಜೊತೆ ನಿಂತರು. 1843ರ ಡಿಸೆಂಬರ್ 28ರ ರಾತ್ರಿ ಅವಳ ಸೋದರಿಯ ಬಾಯಿಂದ ಯೇಸುವೇ ಜಯಶಾಲಿ ಎಂಬ ಕೂಗು ಹೊರಟು, ಕಾಟ ಅಲ್ಲಿಗೆ ನಿಂತಿತು ಎಂದು ಅವರು 1844ರಲ್ಲಿ ಸಭೆಯ ಮೇಲಧಿಕಾರಿಗಳಿಗೆ ವರದಿ ಬರೆದರು. ಸುತ್ತಲಿನ ಊರುಗಳಿಂದ ರೋಗಿಗಳು ಬರತೊಡಗಿದರು. 1846ರಲ್ಲಿ, ರೋಗ ವಾಸಿ ಮಾಡುವುದು ಪಾದ್ರಿಯ ಕೆಲಸವಲ್ಲವೆಂದು ಮೇಲಿನಿಂದ ಆಜ್ಞೆ ಬಂತು. ಮೋಟ್ಲಿಂಗನ್ನಿನಲ್ಲಿ ಬ್ಲೂಮ್‌ಹಾರ್ಟರಿಗಿಂತ ಹಿಂದೆ ಪಾದ್ರಿಯಾಗಿದ್ದ ಬಾರ್ಟ್ ಬರೆದ ಬೈಬಲ್ ಕಥೆಗಳ ಪುಸ್ತಕ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ಬಂದಿತು. ಮಿಶನರಿಗಳು ಹಳ್ಳಿಗಳಲ್ಲಿ ದೆವ್ವ ಬಡಿದವರನ್ನು ಕಂಡಾಗ, ಇದು ಹಿಂದುಳಿದ ಜನರ ಭ್ರಮೆ ಎಂದು ನಗುವ ಸ್ಥಿತಿಯಲ್ಲಿ ಅವರೂ ಇರಲಿಲ್ಲ.

ಧಾರವಾಡದ ನಂತರ 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಮತ್ತು ಮಲ್ಲಸಮುದ್ರ, 1851ರಲ್ಲಿ ಗುಳೇದಗುಡ್ಡ ಮಿಶನ್ ಠಾಣೆಗಳಾದವು. ಮಳೆಗಾಲ ಮುಗಿದ ಮೇಲೆ ಬೋಧಕರು ಬಂಡಿ ಕಟ್ಟಿಕೊಂಡು ಹಳ್ಳಿ, ಸಂತೆ, ಜಾತ್ರೆ ಸುತ್ತುವುದು ವಾಡಿಕೆ. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ಹೆದ್ದಾರಿ ಬಂಕಾಪುರ, ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳನ್ನು ಹಾಯ್ದು ಹೋಗುತ್ತದೆ; ಬ್ಯಾಡಗಿ ಈ ದಾರಿಯಿಂದ ತುಸು ಪಶ್ಚಿಮಕ್ಕೆ. ರಾಣೆಬೆನ್ನೂರಿನ ಬಳಿಯ ದೇವರಗುಡ್ಡದಲ್ಲಿ ಮೈಲಾರಲಿಂಗನ ಗೊರವಪ್ಪ ಬಿಲ್ಲನೇರಿ ಕಾರ್ಣಿಕವೆಂಬ ಭವಿಷ್ಯ ನುಡಿಯುತ್ತಾನೆ. ಬ್ಯಾಡಗಿ ತಾಲೂಕಿನ ಕದರಮಂಡಲಗಿಯಲ್ಲಿ ಕಾಂತೇಶನೆಂಬ ಹೆಸರಿನ ಆಂಜನೇಯನಿದ್ದಾನೆ. ಊರೂರಿಗೆ ದ್ಯಾಮವ್ವ, ದುರ್ಗವ್ವ. ಸತ್ತೂ ಸಾಯದೆ ಅಲೆಯುವವರು, ಹುಣಸೆಮರದಲ್ಲಿ ಕೂತವರು, ಅಮಾಸಿಯ ರಾತ್ರಿ ದಾರಿ ಕಟ್ಟುವವರು ಬೇರೆ.

ಹಳ್ಳಿಯ ಜನ ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆ ಇಟ್ಟಿದ್ದರು. ದೇವರು ಮೈದುಂಬುವುದು ಒಂದು, ದೆವ್ವ ಬಡಿಯುವುದು ಇನ್ನೊಂದು. ಮೈದುಂಬಿದವರ ಮುಂದೆ ಕಾಯಿ ಒಡೆದು ಹೇಳಿಕೆ ಕೇಳುತ್ತಾರೆ. ಗಾಳಿ ಸೋಕಿದವರನ್ನು ಹನುಮಪ್ಪನ ಗುಡಿಗೋ ದರ್ಗಾಕ್ಕೋ ಕರೆದೊಯ್ದು ತಾಯತ ಕಟ್ಟಿಸುತ್ತಾರೆ. ಮೊದಲನೆಯದು ಬರಲಿ ಎಂಬ ಹರಕೆ, ಎರಡನೆಯದು ತೊಲಗಲಿ ಎಂಬ ಹರಕೆ. ಮಿಶನ್ನಿನ ಕಣ್ಣಿಗೆ ಈ ಗೆರೆ ಬೀಳಲೇ ಇಲ್ಲ. ಕಾರ್ಣಿಕದ ಗೊರವಪ್ಪನೂ ಹುಣಸೆಮರದ ಪೀಡೆಯೂ ಅವರ ಲೆಕ್ಕದಲ್ಲಿ ಒಂದೇ ಪಡೆಯವರು. ಇದಕ್ಕೆ ಬೈಬಲ್ ಅನುವಾದವೂ ಜೊತೆಗೂಡಿತು. ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾಗಿತ್ತು. ಕನ್ನಡ ಬೈಬಲ್ಲಿನ ಓದುಗ, ಗಲಿಲಾಯದಲ್ಲಿ ಯೇಸು ಗುಣಪಡಿಸಿದವರೂ ತನ್ನೂರಿನ ಓಣಿಯ ಹೆಣ್ಣುಮಗಳ ಹಾಗೆ ದೆವ್ವ ಹಿಡಿದವರೇ ಎಂದು ತಿಳಿದುಕೊಂಡ. ಪಾಲೆಸ್ತೀನಿನ ಕಥೆ ಒಮ್ಮೆಗೇ ನೆರೆಮನೆಯ ಕಥೆಯಾಯಿತು.

ತುಳುನಾಡಿನಲ್ಲಿ ಇದೇ ಕೆಲಸ ಇನ್ನೂ ಬಿರುಸಾಗಿ ನಡೆಯಿತು. ನ್ಯಾಯ ತೀರ್ಮಾನಿಸುವ, ಒಕ್ಕಲನ್ನು ಕಾಯುವ ಭೂತಗಳನ್ನು ಮಿಶನ್ ಬರಹಗಳು ಪಿಶಾಚ ಎಂದೇ ಕರೆದವು. ಸರಕಾರಿ ನ್ಯಾಯಾಧೀಶ ಎ. ಸಿ. ಬರ್ನೆಲ್ ಕೂಡಿಸಿಟ್ಟ ಭೂತಾರಾಧನೆಯ ಸಾಮಗ್ರಿ 1894ರಿಂದ ಪತ್ರಿಕೆಯೊಂದರಲ್ಲಿ ಬಂದಾಗ ಅದರ ತಲೆಬರಹವೂ ತುಳುವರ ಪಿಶಾಚಾರಾಧನೆ ಎಂಬರ್ಥದ್ದೇ. ತಮಾಷೆಯೆಂದರೆ, ಬಾಸೆಲ್ ಮಿಶನ್ನಿನವರೇ ಆದ ಮ್ಯಾನರ್ 1886ರಲ್ಲಿ ಭೂತಗಳ ಕಥೆ ಹೇಳುವ ಪಾಡ್ದನ ಹಾಡುಗಳನ್ನು ಬರೆಸಿಕೊಂಡು ಮಂಗಳೂರಿನ ಮಿಶನ್ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಿದರು. ಅಳಿಸಬೇಕೆಂದವರೇ ಮೊದಲು ಬರೆದಿಟ್ಟರು. ಇವತ್ತಿನ ಜಾನಪದ ವಿದ್ವಾಂಸರು ಆ ಪುಸ್ತಕವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಧಾರವಾಡ ಸೀಮೆಯಲ್ಲಿ ಕರಾವಳಿಯಲ್ಲಿಲ್ಲದ ಒಂದು ತೊಡಕಿತ್ತು. ಕಿರುದೈವಗಳನ್ನು ಹೀಗಳೆಯುವುದು ಇಲ್ಲಿ ಹಳೆಯ ರೂಢಿ. ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರ ಅಂಬಿಗರ ಚೌಡಯ್ಯನ ನೆನಪಿನ ಊರು. ಕಂಡಕಂಡ ದೈವಗಳಿಗೆ ಅಡ್ಡಬೀಳುವವರನ್ನು 12ನೇ ಶತಮಾನದಲ್ಲಿ ಅವನಷ್ಟು ಒರಟಾಗಿ ಬೈದ ವಚನಕಾರ ಇನ್ನೊಬ್ಬನಿಲ್ಲ. ಬ್ಯಾಡಗಿ ತಾಲೂಕಿನ ಕಾಗಿನೆಲೆ ಕನಕದಾಸರ ಊರು. ಮಾರಿ ಮಸಣಿಯರ ಹಂಗೇಕೆ ಎಂದು ಮಿಶನರಿ ಕೇಳಿದರೆ, ಲಿಂಗಾಯತ ಯಜಮಾನನ ಪಾಲಿಗೆ ಅದು ಮಠದಲ್ಲಿ ಕೇಳಿ ಹಳತಾದ ಮಾತು. ಆದರೆ ಶರಣರು ಕಿರುದೈವಗಳಲ್ಲಿ ಹುರುಳೇ ಇಲ್ಲವೆಂದರು; ಮಿಶನರಿಗಳು ಅವುಗಳಲ್ಲಿ ಕೇಡಿದೆ ಎಂದರು. ಹುರುಳಿಲ್ಲದ್ದನ್ನು ಮರೆಯಬಹುದು, ಕೇಡಿರುವುದರ ಮೇಲೆ ಕಣ್ಣಿಟ್ಟೇ ಇರಬೇಕು. ಕ್ರೈಸ್ತನಾದವನಿಗೆ ಈ ಕಾವಲಿನಿಂದ ಬಿಡುವು ಸಿಗಲಿಲ್ಲ.

ಮಿಶನ್ನಿನ ಬೋಧನೆಯಲ್ಲಿ ಮರದ ಮೇಲಿನ ಪೀಡೆಗಿಂತ ಎದೆಯೊಳಗಿನ ಸೈತಾನನೇ ದೊಡ್ಡ ಶತ್ರು. ಅದನ್ನು ಓದು ಬಾರದವರಿಗೂ ಮುಟ್ಟಿಸಿದ್ದು ಒಂದು ಚಿತ್ರಪುಸ್ತಕ. ಜರ್ಮನಿಯ ಪಾದ್ರಿ ಗಾಸ್ನರ್ 1812ರಲ್ಲಿ ಪ್ರಕಟಿಸಿದ ಹೃದಯದ ಪುಸ್ತಕ ಮಂಗಳೂರಿನ ಪ್ರೆಸ್ಸಿನಿಂದ ದಕ್ಷಿಣದ ಭಾಷೆಗಳಲ್ಲಿ ಹೊರಬಂತು, ಕನ್ನಡದಲ್ಲಿ ‘ಹೃದಯ ದರ್ಪಣ’ ಎಂಬ ಹೆಸರಿನಲ್ಲಿ. ಹೆಬಿಕ್ ಈ ಚಿತ್ರಗಳನ್ನು ಜನರ ಮುಂದೆ ಹಿಡಿದೇ ಬೋಧಿಸುತ್ತಿದ್ದರು. ಮೊದಲ ಚಿತ್ರದಲ್ಲಿ ಒಂದು ದೊಡ್ಡ ಹೃದಯ, ಅದರ ಮೇಲೆ ಮನುಷ್ಯನ ಮುಖ. ಹೃದಯದ ನಡುವೆ ಸೈತಾನ ಕೂತಿದ್ದಾನೆ. ಸುತ್ತ ಏಳು ಪ್ರಾಣಿಗಳು: ಗರ್ವಕ್ಕೆ ನವಿಲು, ಕಾಮಕ್ಕೆ ಹೋತ, ಹೊಟ್ಟೆಬಾಕತನಕ್ಕೆ ಹಂದಿ, ಸಿಟ್ಟಿಗೆ ಹುಲಿ, ಹೊಟ್ಟೆಕಿಚ್ಚಿಗೆ ಹಾವು, ಸೋಮಾರಿತನಕ್ಕೆ ಆಮೆ, ಜಿಪುಣತನಕ್ಕೆ ಕಪ್ಪೆ. ಮುಂದಿನ ಪುಟಗಳಲ್ಲಿ ಬೆಳಕು ಒಳಹೊಗುತ್ತದೆ, ಪ್ರಾಣಿಗಳು ಹೊರಗೋಡುತ್ತವೆ, ಶಿಲುಬೆ ನೆಲೆಗೊಳ್ಳುತ್ತದೆ. ಅಲ್ಲಿಗೇ ಮುಗಿಯದೆ, ಎಚ್ಚರ ತಪ್ಪಿದವನ ಹೃದಯಕ್ಕೆ ಸೈತಾನ ತನಗಿಂತ ಕೆಟ್ಟ ಜೊತೆಗಾರರೊಂದಿಗೆ ಮರಳುವ ಚಿತ್ರವೂ ಬರುತ್ತದೆ. ಜಾತ್ರೆಯಲ್ಲಿ ಇದನ್ನು ನೋಡಿದ ರೈತನಿಗೆ ನವಿಲು ಷಣ್ಮುಖನ ವಾಹನ, ಹಾವು ಪಂಚಮಿಗೆ ಹಾಲೆರೆಯುವ ನಾಗಪ್ಪ. ಚಿತ್ರಕಾರನ ಏಳು ಪಾಪಗಳಲ್ಲಿ ಎರಡಾದರೂ ಕನ್ನಡದ ಹೊಲದಲ್ಲಿ ದೇವರ ಪರಿವಾರ. ಬೋಧಕನಿಗೆ ಎಷ್ಟು ವಿವರಿಸಿದರೂ ಸಾಲದಾಗಿರಬೇಕು.

ದೀಕ್ಷೆ ಪಡೆದವರ ಬದುಕಿನಲ್ಲಿ ಈ ಬೋಧನೆಯ ಪರೀಕ್ಷೆ ನಡೆದದ್ದು ಕಾಯಿಲೆ ಬಂದಾಗ. ತಾಯತ ಬಿಚ್ಚಿಹಾಕಬೇಕು, ಹೇಳಿಕೆ ಕೇಳಕೂಡದು, ಮಂತ್ರವಾದಿಯ ಹೊಸ್ತಿಲು ತುಳಿಯಕೂಡದು. ತುಳಿದವರನ್ನು ಸಭೆಯ ಹಿರಿಯರು ಕರೆಸಿ ವಿಚಾರಿಸುತ್ತಿದ್ದರು, ಕರ್ತನ ಭೋಜನದಿಂದ ದೂರ ಇಡುತ್ತಿದ್ದರು. ಅದರ ಬದಲಿಗೆ ಸಭೆ ಕೊಟ್ಟದ್ದು ಪ್ರಾರ್ಥನೆ ಮತ್ತು ಔಷಧಿ. ಮಗುವಿಗೆ ನಡುರಾತ್ರಿ ಜ್ವರ ಏರಿದರೆ, ಔಷಧಿ ಹಲವು ಹರದಾರಿ ದೂರದಲ್ಲಿದ್ದರೆ, ಮನೆಯಲ್ಲಿ ಕೈಗೆ ಸಿಗುವುದು ಉಪ್ಪು ಮತ್ತು ಒಣಮೆಣಸಿನಕಾಯಿ. ಅವನ್ನು ಮಗುವಿನ ಸುತ್ತ ನಿವಾಳಿಸಿ ಒಲೆಗೆ ಹಾಕುತ್ತಾರೆ. ಘಾಟು ಎದ್ದರೆ ಸರಿ, ಏಳದಿದ್ದರೆ ದೃಷ್ಟಿ ತಾಗಿದೆ ಎಂದು ಲೆಕ್ಕ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿಲ್ಲದೆ ನಡೆದು ಬಂದ ಪದ್ಧತಿಯಿದು. ಕೆಲವು ಕ್ರೈಸ್ತ ಮನೆಗಳಲ್ಲಿ ನಿವಾಳಿಸುವಾಗ ಕರ್ತನ ಪ್ರಾರ್ಥನೆ ಹೇಳುವುದು ಸೇರಿಕೊಂಡಿತು. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರುವಾಸಿ, ಖಾರದಲ್ಲಿ ಸೌಮ್ಯ. ಅದನ್ನೇ ಒಲೆಗೆ ಹಾಕಿದರೆ ಘಾಟು ಕಡಿಮೆ ಎದ್ದು, ಎಲ್ಲ ಮಕ್ಕಳಿಗೂ ದೃಷ್ಟಿ ತಾಗಿದಂತೆಯೇ ಲೆಕ್ಕ!

ಕ್ಯಾಥೋಲಿಕರಿಗೆ ಈ ವಿಷಯದಲ್ಲಿ ಸ್ವಲ್ಪ ಅನುಕೂಲವಿತ್ತು. ಪವಿತ್ರ ಜಲ, ಶಿಲುಬೆ ಗುರುತು, ಸಂತರ ಪದಕ, ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿ: ಕೈಯಲ್ಲಿ ಹಿಡಿಯಬಹುದಾದ ರಕ್ಷೆ ಅವರ ಸಭೆಯಲ್ಲೇ ಸಿಗುತ್ತಿತ್ತು. ಬಾಸೆಲ್ ಸಭೆಯವರಿಗೆ ಇದ್ದದ್ದು ಪುಸ್ತಕ ಮತ್ತು ಪ್ರಾರ್ಥನೆ. ದಿಂಬಿನ ಕೆಳಗೆ ಬೈಬಲ್ ಇಟ್ಟು ಮಲಗುವ ರೂಢಿ ಹಲವು ಮನೆಗಳಲ್ಲಿ ಬೆಳೆಯಿತು. ಓದುವುದಕ್ಕೆಂದು ಕೊಟ್ಟ ಪುಸ್ತಕ ತಾಯತದ ಕೆಲಸವನ್ನೂ ಮಾಡಿತು.

ವೈದ್ಯಕೀಯ ಇನ್ನೊಂದು ಬದಿಯಿಂದ ದೆವ್ವದ ನೆಲೆಯನ್ನು ಕೊರೆಯುತ್ತಿತ್ತು. ಧಾರವಾಡದಲ್ಲಿ 1845ರಲ್ಲೇ ಮನೋರೋಗಿಗಳ ಆಸ್ಪತ್ರೆ ಶುರುವಾಗಿತ್ತು. ಇಂದಿನ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ ಮೂಲ ಅದು. ಬಾಸೆಲ್ ಮಿಶನ್ 1886ರಲ್ಲಿ ಕಲ್ಲಿಕೋಟೆಯಲ್ಲಿ ವೈದ್ಯರನ್ನು ನೇಮಿಸಿತು, 20ನೇ ಶತಮಾನದ ಆರಂಭದಲ್ಲಿ ಗದಗ-ಬೆಟಗೇರಿಯಲ್ಲಿ ಆಸ್ಪತ್ರೆ ತೆರೆಯಿತು. ಮೂರ್ಛೆರೋಗ, ಬಾಣಂತಿ ಸನ್ನಿ, ತಲೆಗೇರಿದ ಜ್ವರ ಹೀಗೆ ದೆವ್ವದ ಖಾತೆಯಲ್ಲಿದ್ದ ಎಷ್ಟೋ ಬೇನೆಗಳು ನಿಧಾನವಾಗಿ ವೈದ್ಯರ ಖಾತೆಗೆ ಬಂದವು. ಸುಶಿಕ್ಷಿತ ಸಭೆಗಳಲ್ಲಿ ದೆವ್ವದ ಮಾತು ತಗ್ಗಿತು. 1914ರ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಸೆರೆಯಾಗಿ ಆಮೇಲೆ ದೇಶ ಬಿಟ್ಟರು. 1970ರಲ್ಲಿ ಧಾರವಾಡ ಕೇಂದ್ರವಾಗಿ ದಕ್ಷಿಣ ಭಾರತ ಸಭೆಯ ಕರ್ನಾಟಕ ಉತ್ತರ ಸಭಾಪ್ರಾಂತ ರೂಪುಗೊಂಡಿತು. ಈ ಅವಧಿಯ ಬೋಧನೆಯಲ್ಲಿ ಸೈತಾನನೆಂದರೆ ಹೆಚ್ಚಾಗಿ ಕುಡಿತ, ಜೂಜು, ಜಗಳ.

ದೆವ್ವ ಬಿಡಿಸುವ ಸೇವೆ ಮತ್ತೆ ಮುಂದೆ ಬಂದದ್ದು ಪೆಂತೆಕೊಸ್ತ ಪಂಗಡಗಳಿಂದ. ಅದರ ಬೇರುಗಳಲ್ಲಿ ಒಂದು ಪಂಡಿತಾ ರಮಾಬಾಯಿಯವರ ಮುಕ್ತಿ ಸದನಕ್ಕೆ ಹೋಗುತ್ತದೆ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ, ಕಾರ್ಕಳ ಬಳಿಯ ಮಾಳದ ಮನೆತನದ ಈ ವಿದುಷಿ ಪುಣೆ ಸಮೀಪದ ಕೇಡಗಾಂವದಲ್ಲಿ ಕಟ್ಟಿದ ಆಶ್ರಮದಲ್ಲಿ, 1905ರಲ್ಲಿ ಹುಡುಗಿಯರು ಅತ್ತು, ಪಾಪ ಒಪ್ಪಿಕೊಂಡು, ಪವಿತ್ರಾತ್ಮ ಸುರಿಯಿತೆಂದು ಗಂಟೆಗಟ್ಟಲೆ ಪ್ರಾರ್ಥಿಸಿದರು. ಅಮೆರಿಕದ ಅಜೂಸಾ ಬೀದಿಯ ಪ್ರಸಿದ್ಧ ಪೆಂತೆಕೊಸ್ತ ಕೂಟಗಳು ನಡೆದದ್ದು ಅದರ ಮರುವರ್ಷ, 1906ರಲ್ಲಿ. ಪವಿತ್ರಾತ್ಮ ಮೈಯಲ್ಲೇ ಅನುಭವಕ್ಕೆ ಬರುತ್ತಾನೆ ಎಂದ ಮೇಲೆ ದುಷ್ಟಾತ್ಮವೂ ಹಾಗೇ ಅನುಭವಕ್ಕೆ ಬರಬೇಕಷ್ಟೆ. ಕ್ಯಾಥೋಲಿಕರಲ್ಲಿ 1967ರಲ್ಲಿ ಅಮೆರಿಕದಲ್ಲಿ ಶುರುವಾದ ಇದೇ ಬಗೆಯ ಕರಿಸ್ಮ್ಯಾಟಿಕ್ ಚಳವಳಿ 1972ರ ಹೊತ್ತಿಗೆ ಭಾರತಕ್ಕೆ ಬಂತು.

ಈ ಹೊಸ ಅಲೆಯ ಬೋಧಕರಲ್ಲಿ ಹೆಚ್ಚು ಓದಿಸಿಕೊಂಡವರಲ್ಲೊಬ್ಬ ಡೆರೆಕ್ ಪ್ರಿನ್ಸ್, ಬೆಂಗಳೂರಿನಲ್ಲಿ 1915ರಲ್ಲಿ ಬ್ರಿಟಿಷ್ ಸೇನಾಧಿಕಾರಿಯ ಮನೆಯಲ್ಲಿ ಹುಟ್ಟಿದವರು. ಹಿರಿಯರ ವಿಗ್ರಹಾರಾಧನೆ, ಮಾಟ-ಮಂತ್ರಗಳಿಂದ ತಲೆಮಾರುಗಳವರೆಗೆ ಶಾಪ ಹರಿದು ಬರಬಹುದು, ದೀಕ್ಷೆಯಾದ ವಿಶ್ವಾಸಿಯೂ ದುಷ್ಟಾತ್ಮದ ಕಾಟದಿಂದ ಬಿಡುಗಡೆ ಬೇಡಬೇಕಾಗಬಹುದು ಎಂದು ಅವರು ಕಲಿಸಿದರು. ಪೆಂತೆಕೊಸ್ತರೆಲ್ಲ ಇದನ್ನು ಒಪ್ಪಲಿಲ್ಲ. ಅವರದೇ ಪಂಗಡವಾದ ಅಸೆಂಬ್ಲೀಸ್ ಆಫ್ ಗಾಡ್ 1972ರಲ್ಲಿ, ಹೊಸ ಜನ್ಮ ಪಡೆದವನಲ್ಲಿ ಪವಿತ್ರಾತ್ಮನೂ ದೆವ್ವವೂ ಒಟ್ಟಿಗೆ ಇರಲಾರರು ಎಂಬ ನಿಲುವು ಪ್ರಕಟಿಸಿತು. ಕನ್ನಡದ ಉಪವಾಸ ಕೂಟಗಳಲ್ಲಿ ಕೇಳಿಬರುವ ಬಂಧನ, ಶಾಪ ಮುರಿಯುವುದು, ಬಿಡುಗಡೆಯ ಪ್ರಾರ್ಥನೆ ಎಂಬ ಮಾತುಗಳು ಈ ಧಾರೆಯವು. ವಂಶದ ಶಾಪ ಎಂದರೆ ಹಳ್ಳಿಯ ಕಿವಿಗೆ ಹೊಸದಲ್ಲ. ಬಾಗಿದ ತಲೆಯ ಮೇಲೆ ಕೈಯಿಟ್ಟು, ಎಣ್ಣೆ ಹಚ್ಚಿ, ಯೇಸುವಿನ ನಾಮದಲ್ಲಿ ಹೊರಡು ಎಂದು ಬೋಧಕ ಕೂಗುವಾಗ ಮುಂದೆ ಕೂತವರು ನಡುಗುವುದು, ತಲೆ ಬಿಚ್ಚಿ ತೂಗುವುದು, ಬೀಳುವುದು ಈ ಸೀಮೆ ಗುಡಿಗಳ ಮುಂದೆ, ದರ್ಗಾಗಳ ಅಂಗಳದಲ್ಲಿ ಮೊದಲಿನಿಂದ ಕಂಡ ಭಂಗಿಗಳೇ.

ಕ್ಯಾಥೋಲಿಕ್ ಸಭೆ ಇದಕ್ಕೆ ನಿಯಮದ ಬೇಲಿ ಹಾಕಿಕೊಂಡಿದೆ. 1614ರ ಹಳೆಯ ವಿಧಿಗ್ರಂಥದ ಬದಲಿಗೆ 1999ರಲ್ಲಿ ಭೂತೋಚ್ಚಾಟನೆಯ ಹೊಸ ವಿಧಿ ಬಂತು. ಬಿಷಪ್ಪರ ಸ್ಪಷ್ಟ ಅನುಮತಿಯಿಲ್ಲದೆ ಯಾವ ಪಾದ್ರಿಯೂ ಅದನ್ನು ನಡೆಸುವಂತಿಲ್ಲ. ಕಾಯಿಲೆಯಲ್ಲ ಎಂಬುದು ಖಾತ್ರಿಯಾಗಲು ವೈದ್ಯರನ್ನೂ ಕೇಳಬೇಕು. ಸ್ವತಂತ್ರ ಪ್ರಾರ್ಥನಾಲಯಗಳಿಗೆ ಅಂಥ ಮೇಲಧಿಕಾರ ಇಲ್ಲ. ಅಲ್ಲಿ ಬೋಧಕನ ವಿವೇಕವೇ ನಿಯಮ.

ಸರಕಾರ ಈ ವಿಷಯಕ್ಕೆ ಕೈ ಹಾಕಿದ್ದು ಬಹಳ ತಡವಾಗಿ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ಮಸೂದೆಯನ್ನು ಕರ್ನಾಟಕದ ವಿಧಾನಮಂಡಲ 2017ರ ನವೆಂಬರಿನಲ್ಲಿ ಒಪ್ಪಿತು. ಕಾಯ್ದೆ ಜಾರಿಯಾದದ್ದು 2020ರ ಜನವರಿಯಲ್ಲಿ. ದೆವ್ವ ಇದೆಯೇ ಎಂಬ ಪ್ರಶ್ನೆಗೆ ಅದು ಹೋಗುವುದಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಹಗ್ಗ, ಸರಪಳಿಗಳಿಂದ ಕಟ್ಟುವುದು, ಬೆತ್ತದಿಂದ ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಅಪರಾಧ; ಶಿಕ್ಷೆ ಒಂದರಿಂದ ಏಳು ವರ್ಷದವರೆಗೆ ಸೆರೆ, 5,000ದಿಂದ 50,000 ರೂಪಾಯಿವರೆಗೆ ದಂಡ. ಗುಡಿ, ದರ್ಗಾ, ಚರ್ಚುಗಳಲ್ಲಿ ಮೈಗೆ ನೋವಾಗದಂತೆ ನಡೆಯುವ ಪ್ರಾರ್ಥನೆಗೆ ಅಡ್ಡಿಯಿಲ್ಲ. ಹಾಗಾಗಿ ಬ್ಯಾಡಗಿಯಂಥ ಊರಿನ ಉಪವಾಸ ಕೂಟದಲ್ಲಿ ಕೈಯಿಟ್ಟು ಮಾಡುವ ಬಿಡುಗಡೆಯ ಪ್ರಾರ್ಥನೆ ಕಾಯ್ದೆಯ ಹೊರಗೆ ಉಳಿಯುತ್ತದೆ, ಅದೇ ಕೈ ಬೆತ್ತ ಹಿಡಿದರೆ ಒಳಗೆ ಬರುತ್ತದೆ.